ತಂಗಳು ಎನ್ನಬೇಡಿ, ಕೂಡಿಟ್ಟ ರೊಟ್ಟಿ ಎನ್ನಿ

ಈರುಳ್ಳಿ ಮಾರುಕಟ್ಟೆಗೆ ಹೆಸರಾಗಿದ್ದ ಚಾಕಣ ಇಂದು ಮೂರು ಪಾಳಿಯ ಊರು. ಬಜಾಜ್ ಮೊದಲೇ ಬಂದಿತ್ತು. 2009ರಲ್ಲಿ ಫೋಕ್ಸ್‌ವ್ಯಾಗನ್, ಅದರ ಹಿಂದೆಯೇ ಮಹೀಂದ್ರಾ ಬಂದ ಮೇಲೆ ವಿಜಯಪುರ, ಕಲಬುರಗಿ, ಬೀದರ, ಬೆಳಗಾವಿ ಕಡೆಯ ನಮ್ಮವರು ಹೊಟ್ಟೆಪಾಡಿಗಾಗಿ ಇಲ್ಲಿಗೆ ಬಂದು ನಾಣೇಕರವಾಡಿ, ಖರಾಬವಾಡಿ, ಮಹಾಳುಂಗೆಗಳಲ್ಲಿ ಮನೆ ಮಾಡಿದ್ದಾರೆ. ಕರಾವಳಿಯ ಬಂಧುಗಳೂ ಇದ್ದಾರೆ. ಒಂದೇ ಮನೆಯಲ್ಲಿ ಮಗ ಮೊದಲ ಪಾಳಿ, ಸೊಸೆ ಜನರಲ್ ಶಿಫ್ಟ್, ಮೊಮ್ಮಗನಿಗೆ ಏಳು ಗಂಟೆಗೆ ಶಾಲೆಯ ಬಸ್ಸು. ತಳೇಗಾಂವ್ ಚೌಕದ ಟ್ರಾಫಿಕ್ಕಿಗೆ ಹೆದರಿ ಎಲ್ಲರೂ ಅರ್ಧ ಗಂಟೆ ಮೊದಲೇ ಮನೆ ಬಿಡುತ್ತಾರೆ.

ಹಾಗಾದರೆ ಅಡುಗೆಮನೆಯ ದೀಪ ಹೊತ್ತುವುದು ಎಷ್ಟು ಗಂಟೆಗೆ? ನಾಲ್ಕಕ್ಕೆ. ಹೊತ್ತಿಸುವವರು ಯಾರು ಎಂದು ಬೇರೆ ಹೇಳಬೇಕಾದ್ದಿಲ್ಲ.

ನಮ್ಮ ಅನೇಕ ಮನೆಗಳಲ್ಲಿ ಹಿರಿಯರ ಒಂದು ಹಟವಿದೆ. ರೊಟ್ಟಿ ಆಗಿಂದಾಗ ಬಡಿದದ್ದೇ ಆಗಬೇಕು, ನಿನ್ನೆಯದು ತಂಗಳು, ಫ್ರಿಜ್ಜಿನದು ವಿಷ. ಈ ಹಟ ನಮ್ಮ ಸಂಪ್ರದಾಯವೂ ಅಲ್ಲ, ಆರೋಗ್ಯವೂ ಅಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಮಾಡಿ ಕೂಡಿಡುವುದು ನಮ್ಮ ಕಡೆಯ ಅತಿ ಹಳೆಯ ವಿದ್ಯೆ. ಖಡಕ್ ರೊಟ್ಟಿ ಎಂದರೆ ಮತ್ತೇನು? ಜೋಳದಲ್ಲಿ ಗೋಧಿಯ ಜಿಗುಟಿಲ್ಲ. ಅದಕ್ಕೇ ಎಸರಿನ ನೀರು ಹಾಕಿ ನಾದಿ, ತೆಳ್ಳಗೆ ಬಡಿದು, ಬೇಯಿಸಿ, ಒಲೆಯ ಸುತ್ತ ನಿಲ್ಲಿಸಿ ಒಣಗಿಸುತ್ತಾರೆ. ನೀರಿನ ಪಸೆ ಹೋದ ಮೇಲೆ ಬೂಸ್ಟು ಬರಲು ಅದಕ್ಕೆ ಆಸ್ಪದವೇ ಇಲ್ಲ. ಬಿಳಿ ಅರಿವೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟರೆ ತಿಂಗಳು ಕಳೆದರೂ ಶೇಂಗಾ ಚಟ್ನಿ, ಮೊಸರಿನ ಜೊತೆ ಹೊಸದರಂತೆಯೇ ಇರುತ್ತದೆ. ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಗಳಿಂದ ಟ್ರ್ಯಾಕ್ಟರಿನಲ್ಲಿ ಬರುವ ಲಕ್ಷಾಂತರ ರೊಟ್ಟಿ ಅಂದೇ ಬಡಿದದ್ದೇನು? 2018ರ ಆಗಸ್ಟ್‌ನಲ್ಲಿ ಕೊಡಗು ಮಳೆಗೆ ಸಿಕ್ಕಿ ತತ್ತರಿಸಿದಾಗ ಉತ್ತರ ಕರ್ನಾಟಕದ ಊರುಗಳಿಂದ ಹೋದದ್ದು ಇದೇ ರೊಟ್ಟಿ. ಸೋಲಾಪುರದ ಮರಾಠಿ ಬಾಂಧವರು ಇದನ್ನೇ ಕಡಕ್ ಭಾಕರಿ ಎನ್ನುತ್ತಾರೆ. ಇನ್ನು ಕರಾವಳಿಯವರು ನಗಬೇಕಾಗಿಲ್ಲ, ಪೊಟ್ಟಣ ಕಟ್ಟಿ ವಾರಗಟ್ಟಲೆ ಇಟ್ಟು ಕೋಳಿ ಸಾರಿಗೆ ಮುರಿದು ಹಾಕಿಕೊಳ್ಳುವ ಕೋರಿ ರೊಟ್ಟಿಯೂ ಇದೇ ಜಾತಿಯದು!

ಈಗ ಬ್ರೆಡ್ಡಿನ ವಿಷಯಕ್ಕೆ ಬರೋಣ. 2016ರಲ್ಲಿ ಬ್ರೆಡ್ಡಿಗೆ ಪೊಟ್ಯಾಸಿಯಂ ಬ್ರೋಮೇಟ್ ಹಾಕುವುದನ್ನು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ನಿಷೇಧಿಸಿದಾಗ ಜನರಲ್ಲಿ ಮೊದಲು ಸಂಶಯ ಹುಟ್ಟಿತು. 2020ರ ಲಾಕ್‌ಡೌನಿನಲ್ಲಿ ಮನೆಯಲ್ಲೇ ಬ್ರೆಡ್ ಸುಡುವ ಹವ್ಯಾಸ ಬೆಳೆಯಿತು. ಪುಣೆಯಲ್ಲಿ ಎಲ್ಲಿ ಹೋದರೂ ಕಾಣುವ ನಮ್ಮ ಹಾಸನ ಕಡೆಯವರ ಅಯ್ಯಂಗಾರ್ ಬೇಕರಿಗಳ ಬಗ್ಗೆ ನನಗೆ ಗೌರವವೇ ಇದೆ, ಅವರ ವ್ಯಾಪಾರಕ್ಕೆ ಕಲ್ಲು ಹಾಕುವ ಉದ್ದೇಶ ನನ್ನದಲ್ಲ. ಆದರೆ ಮನೆಯಲ್ಲಿ ಗೋಧಿ ಹಿಟ್ಟು ಬೆರೆಸಿ ಮಾಡಿದ ಬ್ರೆಡ್ಡಿನ ರುಚಿ ಬೇರೆ. ತೊಂದರೆ ಇರುವುದು ಮಾಡುವುದರಲ್ಲಲ್ಲ, ಕೊಯ್ದು ಇಡುವುದರಲ್ಲಿ.

ಲೆಕ್ಕ ಹೇಳುವುದು ನನ್ನ ಕಸುಬು, ಓದುಗರು ಸೈರಿಸಬೇಕು. ಒಂಬತ್ತು ಇಂಚಿನ ಡಬ್ಬಿಯ ಬ್ರೆಡ್ಡಿನಲ್ಲಿ ಅರ್ಧ ಇಂಚಿನ ಹದಿನೆಂಟು ಸ್ಲೈಸ್ ಬರುತ್ತವೆ. ಐದು ಜನಕ್ಕೆ ಎರಡೆರಡರಂತೆ ದಿನಕ್ಕೆ ಹತ್ತು ಬೇಕು. ಅಂದರೆ ಒಂದು ಬ್ರೆಡ್ಡು ಎರಡು ದಿನಕ್ಕೂ ಸಾಲದು. ರವಿವಾರ ಎರಡನ್ನು ಒಟ್ಟಿಗೆ ಓವನ್‌ನಲ್ಲಿಟ್ಟರೆ ಮೂರು ಮುಂಜಾನೆ ಕಳೆದು ಆರು ಸ್ಲೈಸ್ ಉಳಿಯುತ್ತವೆ. 1500 ವ್ಯಾಟಿನ ಓವನ್ ನಲವತ್ತು ನಿಮಿಷ ಉರಿದರೆ ಒಂದು ಯೂನಿಟ್ ಕರೆಂಟು. ಒಂದು ಬ್ರೆಡ್ಡಿದ್ದರೂ ಎರಡಿದ್ದರೂ ಖರ್ಚು ಹೆಚ್ಚು ಕಡಿಮೆ ಅಷ್ಟೇ.

ಕೊಯ್ಯುವಾಗ ಅವಸರ ಕೂಡದು. ಓವನ್‌ನಿಂದ ತೆಗೆದ ಬ್ರೆಡ್ಡಿನ ಹೊಟ್ಟೆಯೊಳಗೆ ಇನ್ನೂ ಹಬೆ ಇರುತ್ತದೆ. ಆಗಲೇ ಚಾಕು ಹಾಕಿದರೆ ಮುದ್ದೆಯಾಗುತ್ತದೆ. ಎರಡು ಗಂಟೆಯಾದರೂ ಆರಲು ಬಿಡಬೇಕು. ಗರಗಸದ ಹಲ್ಲಿನ ಚಾಕು ಬೇಕು, ತರಕಾರಿ ಚಾಕು ಬ್ರೆಡ್ಡನ್ನು ಅದುಮುತ್ತದೆಯೇ ಹೊರತು ಕೊಯ್ಯುವುದಿಲ್ಲ. ಬ್ರೆಡ್ಡನ್ನು ಮಗ್ಗುಲಾಗಿ ಮಲಗಿಸಿ, ಒತ್ತದೆ, ಹಿಂದೆ ಮುಂದೆ ಎಳೆದರೆ ಸ್ಲೈಸ್ ನೇರ ಬರುತ್ತದೆ. ಒಂದು ದಿನದ್ದನ್ನು ಮುಚ್ಚಳದ ಡಬ್ಬಿಯಲ್ಲಿ ಹೊರಗಿಟ್ಟು, ಮಿಕ್ಕದ್ದನ್ನು ಎರಡೆರಡಾಗಿ ಕಾಗದ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಫ್ರೀಝರಿಗೆ ಹಾಕಬೇಕು. ನೆನಪಿಡಿ, ಫ್ರೀಝರಿಗೆ, ಅದರ ಕೆಳಗಿನ ಫ್ರಿಜ್ಜಿಗಲ್ಲ. ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಫ್ರಿಜ್ಜಿನ ಸಾಧಾರಣ ತಂಪಿನಲ್ಲಿ ಹಿಟ್ಟಿನ ಪಿಷ್ಟ ಹೊರಗಿಗಿಂತ ಬೇಗ ಗಡುಸಾಗುತ್ತದೆ, ಹೆಪ್ಪುಗಟ್ಟಿದ ಚಳಿಯಲ್ಲಿ ಆ ಕ್ರಿಯೆ ನಿಂತೇ ಹೋಗುತ್ತದೆ. ಮುಂಜಾನೆ ಫ್ರೀಝರಿನಿಂದ ತೆಗೆದದ್ದನ್ನು ನೇರ ತವೆಯ ಮೇಲಿಟ್ಟರೆ ಎರಡು ಮೂರು ನಿಮಿಷದಲ್ಲಿ ಮತ್ತೆ ಮೆತ್ತಗೆ. ಈ ಕೆಲಸ ಆರನೇ ಇಯತ್ತೆಯ ಹುಡುಗನೂ ಮಾಡಬಲ್ಲ.

ಮಳೆಗಾಲದ ಎಚ್ಚರಿಕೆ ಮಾತ್ರ ಬೇರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಕಡೆಯ ಹವೆಯಲ್ಲಿ, ಕೆಡದಂತೆ ಏನೂ ಬೆರೆಸದ ಮನೆಯ ಬ್ರೆಡ್ಡು ಎರಡು ಮೂರು ದಿನಕ್ಕೆ ಬೂಸ್ಟು ಹಿಡಿಯುತ್ತದೆ. ಹಸಿರು ಕಂಡ ಜಾಗವನ್ನಷ್ಟೇ ಕೆತ್ತಿ ತಿನ್ನುವ ಉಳಿತಾಯ ಬೇಡವೇ ಬೇಡ. ಬೂಸ್ಟಿನ ಎಳೆಗಳು ಕಣ್ಣಿಗೆ ಕಾಣದಂತೆ ಒಳಗೆ ಹರಡಿರುತ್ತವೆ, ಇಡೀ ಬ್ರೆಡ್ಡನ್ನೇ ಎಸೆಯಬೇಕು. ಖಡಕ್ ರೊಟ್ಟಿಗೆ ಈ ಭಯವಿಲ್ಲ. ಮೆತ್ತಗಾದರೆ ತವೆಯ ಮೇಲೆ ಮತ್ತೊಮ್ಮೆ ಬಿಸಿ ಮಾಡಿದರಾಯಿತು.

ಆಗಿಂದಾಗ ಬಡಿದ ಬಿಸಿ ರೊಟ್ಟಿಗೆ ಸಾಟಿಯಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ರಜೆಯ ದಿನ ಎಣ್ಣೆಗಾಯಿ ಜೊತೆ ಅದನ್ನೇ ತಿನ್ನೋಣ. ಆದರೆ ವಾರದ ಆರು ದಿನವೂ ಆ ಬಿಸಿ ರೊಟ್ಟಿಯ ಬೆಲೆಯನ್ನು ಒಬ್ಬ ಹೆಣ್ಣುಮಗಳ ನಿದ್ದೆಯಿಂದ ತೆರುವುದು ಯಾವ ನ್ಯಾಯ? ನಾಲ್ಕಕ್ಕೆದ್ದು ರೊಟ್ಟಿ ಬಡಿದು, ಎಂಟಕ್ಕೆ ಕಂಪನಿ ಬಸ್ಸು ಹತ್ತಿ, ಸಂಜೆ ಬಂದು ಮತ್ತೆ ಒಲೆ ಮುಂದೆ ನಿಲ್ಲುವ ಸೊಸೆಯಂದಿರು ನಮ್ಮ ಸಮಾಜದಲ್ಲಿ ಕಡಿಮೆಯಿಲ್ಲ. ಊರಿನಲ್ಲಿ ರೊಟ್ಟಿ ಕೂಡಿಡಲು ಅತ್ತೆ, ನಾದಿನಿ, ನೆರೆಮನೆಯ ಅಕ್ಕ ಎಲ್ಲರೂ ಕೂಡಿ ಬಡಿಯುತ್ತಿದ್ದರು. ಇಲ್ಲಿ ಎರಡು ಕೋಣೆಯ ಫ್ಲಾಟಿನಲ್ಲಿ ಆಕೆ ಒಬ್ಬಳೇ. ಆದ್ದರಿಂದ ಹಿಟ್ಟು ನಾದುವುದನ್ನು ಆಕೆ ಮಾಡಿದರೆ, ಕೊಯ್ದು, ಎಣಿಸಿ, ಕಾಗದ ಸುತ್ತಿ ಇಡುವ ಕೆಲಸ ಮನೆಯ ಗಂಡಸರದ್ದಾಗಲಿ. ನಿವೃತ್ತಿಯಾಗಿ ಮನೆಯಲ್ಲಿರುವ ಹಿರಿಯರಿಗಂತೂ ಇದು ಹೇಳಿ ಮಾಡಿಸಿದ ಉದ್ಯೋಗ. ಸ್ಲೈಸ್ ಒಂದು ದಪ್ಪ ಒಂದು ತೆಳ್ಳಗೆ ಆದರೆ ಯಾರೂ ದಂಡ ಹಾಕುವುದಿಲ್ಲ.

ರೊಟ್ಟಿ ಬಡಿಯಲು ಸಮಯವೇ ಇಲ್ಲದವರು ಕೊಂಡರೂ ತಪ್ಪಿಲ್ಲ. ಕಲಬುರಗಿಯಲ್ಲಿ ಸ್ವಸಹಾಯ ಗುಂಪುಗಳ ಮಹಿಳೆಯರು ಬಡಿದ ರೊಟ್ಟಿಯನ್ನು ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಜಿಲ್ಲಾಡಳಿತವೇ ಮಾರುಕಟ್ಟೆಗೆ ತಂದಿದೆ. ಚಾಕಣದಲ್ಲೂ ಇಂತಹ ಕೈಗಳಿವೆ. ನಮ್ಮ ಸಂಘ ಸಂಸ್ಥೆಗಳ ಮಹಿಳಾ ವಿಭಾಗಗಳು ರಾಜ್ಯೋತ್ಸವಕ್ಕೆ ರಂಗೋಲಿ ಸ್ಪರ್ಧೆಯ ಪಕ್ಕದಲ್ಲೇ ಒಂದು ರೊಟ್ಟಿ ಮಳಿಗೆ ಇಡಲಿ. ದರವನ್ನು ಬಡಿದವರೇ ಗೊತ್ತು ಮಾಡಲಿ. ಊರಿಗೆ ಹೋದಾಗ ಬುಟ್ಟಿಗಟ್ಟಲೆ ಪುಕ್ಕಟೆ ತಂದು ರೂಢಿಯಾದ ನಾವು ಆ ದರಕ್ಕೆ ಚೌಕಾಸಿ ಮಾಡದೆ ಕೊಳ್ಳೋಣ.