ಓಡದ ಮುಳ್ಳು

ಗಡಿಯಾರ ಕೂಡಿಡುವ ಹುಚ್ಚು ನನಗೆ ಅಪ್ಪನಿಂದ ಬಂದದ್ದು. ದೇವದುರ್ಗದ ಮನೆಯಲ್ಲಿ ಅವರು ದಿನಾ ಬೆಳಿಗ್ಗೆ ಚಹಾಕ್ಕೂ ಮೊದಲು ತಮ್ಮ ಎಚ್‌ಎಂಟಿಗೆ ಚಾವಿ ಕೊಡುತ್ತಿದ್ದರು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಎಚ್‌ಎಂಟಿ ಕೈಗಡಿಯಾರ ತಯಾರಿ ಶುರುವಾಯಿತು. ಮುಂದೆ ‘ಕಾಂಚನ್’ ಎಂಬ ಹೊಂಬಣ್ಣದ ಗಡಿಯಾರ ಬಂದಾಗ, ಮದುವೆಗೆ ಅದೇ ಬೇಕೆಂದು ಹಟ ಹಿಡಿದ ಅಳಿಯಂದಿರು ಎಷ್ಟೋ! ಮಕ್ಕಳೇ, ನಿಮ್ಮ ಅಜ್ಜನನ್ನು ಕೇಳಿ ನೋಡಿ. ನಾಚಿಕೊಂಡರೂ ನಾಚಿಕೊಂಡಾರು.

ನನ್ನ ಪೆಟ್ಟಿಗೆಯಲ್ಲಿ ಒಂಬತ್ತು ಗಡಿಯಾರಗಳಿದ್ದವು, ಬಂಗಾರದ್ದು ಒಂದೂ ಇಲ್ಲ. ನಮ್ಮದೇ ಜಿಲ್ಲೆಯ ಹಟ್ಟಿಯಲ್ಲಿ ಬಂಗಾರ ಸಿಗುತ್ತದೆ, ನಿಜ. ಆದರೆ ಅಲ್ಲೂ ಒಂದು ಟನ್ ಕಲ್ಲು ಅರೆದರೆ ಬರುವುದು ಕೆಲವೇ ಗ್ರಾಂ.

ಹೋದ ವರ್ಷ ಮಾನ್ವಿಗೆ ಮದುವೆಗೆ ಹೋಗಿದ್ದಾಗ ಒಬ್ಬರು ಮಖಮಲ್ ಡಬ್ಬಿ ತೆರೆದು ತೋರಿಸಿದರು. ಥಳಥಳ ಹೊಳೆಯುವ ಕ್ರೋನೋಗ್ರಾಫ್! ಒಳಗೆ ಮೂರು ಪುಟ್ಟ ಫಲಕ, ಪಕ್ಕದಲ್ಲಿ ಎರಡು ಗುಂಡಿ. “ಅಪ್ಪಟ ಬಂಗಾರ ರೀ, ಅಡಚಣಿ ಐತಿ, ಅದಕ್ಕ ಕೊಡಾಕತ್ತೀನಿ” ಅಂದರು. 9,000 ರೂಪಾಯಿ ಎಣಿಸಿದೆ. ಅದು ಮೊಮ್ಮಗಳ ಸೈಕಲ್ಲಿಗೆ ತೆಗೆದಿಟ್ಟ ಹಣ.

“ಅಷ್ಟು ಅಗ್ಗಕ್ಕ ಬಂಗಾರ ಯಾರು ಕೊಡ್ತಾರ?” ಎಂದಳು ನನ್ನಾಕೆ. ಕೇಳಿಸದವನಂತೆ ಇದ್ದುಬಿಟ್ಟೆ.

ಏಳನೇ ಇಯತ್ತೆಯ ಮೊಮ್ಮಗಳಿಗೆ ಮಾತ್ರ ಜಂಬದಿಂದ ಕಥೆ ಹೇಳಿದೆ. ಕ್ರೋನೋಗ್ರಾಫ್ ಅಂದರೆ ಗ್ರೀಕಿನಲ್ಲಿ ‘ಕಾಲವನ್ನು ಬರೆಯುವುದು’. 1821ರಲ್ಲಿ ಪ್ಯಾರಿಸ್ಸಿನ ಕುದುರೆ ಪಂದ್ಯದಲ್ಲಿ ನಿಕೊಲಾ ರಿಯೂಸೆಕ್ ಎಂಬಾತನ ಯಂತ್ರ ನಿಜಕ್ಕೂ ಬರೆಯುತ್ತಿತ್ತು: ಕುದುರೆ ಗುರಿ ಮುಟ್ಟಿದೊಡನೆ ಫಲಕದ ಮೇಲೆ ಮಸಿಯ ಚುಕ್ಕೆ! ಈಗಿನದರಲ್ಲಿ ಮೇಲಿನ ಗುಂಡಿ ಒತ್ತಿದರೆ ಮುಳ್ಳು ಓಡುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ. ಕೆಳಗಿನದನ್ನು ಒತ್ತಿದರೆ ಟಕ್ಕನೆ ಸೊನ್ನೆಗೆ ವಾಪಸ್. ಹಳೆಯ ಚಾವಿ ಗಡಿಯಾರಗಳಲ್ಲಿ ಈ ಕೆಲಸ ಮಾಡುವುದು ಹೃದಯದ ಆಕಾರದ ಒಂದು ಚೂರು ಲೋಹ. ಪುಟ್ಟ ಸುತ್ತಿಗೆ ಅದರ ಮೇಲೆ ಬಿದ್ದರೆ, ಮುಳ್ಳು ಎಲ್ಲೇ ಇದ್ದರೂ ಹೃದಯ ಹೊರಳಿ ಅದನ್ನು ಮೊದಲಿನ ಜಾಗಕ್ಕೇ ತರುತ್ತದೆ.

“ಹಂಗಾರ ನನ್ನ ಓಟ ಅಳೀ” ಎಂದು ಮೈದಾನಕ್ಕೆ ಎಳೆದೊಯ್ದಳು. ಅವಳು ಓಡಿದಳು, ನಾನು ಒತ್ತಿದೆ. ಮುಳ್ಳು ಅಲುಗಲಿಲ್ಲ. ಮೂರು ಫಲಕದ ಮುಳ್ಳುಗಳೂ ಬರೀ ಅಂಟಿಸಿದವು!

ರಾಯಚೂರಿನ ತೀನ್ ಕಂದೀಲ್ ಹತ್ತಿರ ರಿಪೇರಿಯವರ ಬಳಿ ಒಯ್ದೆ. ಅವರು ಬಿಚ್ಚಲೂ ಇಲ್ಲ, ತಿರುಗಿಸಿ ಓದಿದರು: “ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್. ಮ್ಯಾಲ ಹಿತ್ತಾಳಿಗಿ ಬಂಗಾರದ ನೀರು ಹೊಡದಾರ ಯಜಮಾನ್ರ.” ಹದಿನೆಂಟು ಕ್ಯಾರೆಟ್ ಆಗಿದ್ದರೆ ಒಳಗೆ 750 ಎಂಬ ಮುದ್ರೆ ಇರಬೇಕಂತೆ, ಸಾವಿರದಲ್ಲಿ 750 ಪಾಲು ಬಂಗಾರ ಎಂದು. ನಾನು ಕನ್ನಡಕ ಹಾಕಿಕೊಂಡು ಅದರ ಬೆನ್ನು ನೋಡಿರಲೇ ಇಲ್ಲ.

ಮರುದಿನ ಅಪ್ಪನ ಎಚ್‌ಎಂಟಿಗೆ ಚಾವಿ ಕೊಟ್ಟು ಮೈದಾನಕ್ಕೆ ಹೋದೆ. ಸೆಕೆಂಡ್ ಮುಳ್ಳು ಹನ್ನೆರಡಕ್ಕೆ ಬಂದಾಗ “ಓಡು!” ಅಂದೆ. 200 ಮೀಟರ್, 38 ಸೆಕೆಂಡು.

ಏದುಸಿರು ಬಿಡುತ್ತಾ ಬಂದವಳು ಕೇಳಿದ್ದು ಒಂದೇ: “ಅಜ್ಜಾ, ನನ್ನ ಸೈಕಲ್ಲು?”

“ಹತ್ತಿ ಮಾರಿದ ಮ್ಯಾಲ, ಸಂಕ್ರಾಂತಿಗೆ” ಅಂದೆ. ಮನೆಗೆ ಬಂದವಳೇ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಪೆನ್ನಿನಿಂದ ದಪ್ಪ ಚುಕ್ಕೆ ಇಟ್ಟಳು.