ನಂಬುವುದು ಬೇರೆ, ಸುದ್ದಿ ಹಬ್ಬಿಸುವುದು ಬೇರೆ

ಈ ಸಂಚಿಕೆಗಾಗಿ ಬರಹಗಳನ್ನು ಆಹ್ವಾನಿಸಿದಾಗ ಸಂಪಾದಕ ಬಳಗದ ಕೈಗೆ ಹದಿನಾಲ್ಕು ಬರಹಗಳು ಬಂದವು. ಅವುಗಳಲ್ಲಿ ಐದು ದೆವ್ವ, ಜಿನ್ನ್ ಅಥವಾ ಹಾರುವ ತಟ್ಟೆಗಳ ಬಗ್ಗೆ. ಒಂದು ಬರಹವಂತೂ ನಮ್ಮ ಕಾಲೇಜಿನ ಹಿಂದಿರುವ ಹಳೆಯ ಬಾವಿಯದ್ದೇ ಕತೆ. ಶೀರ್ಷಿಕೆಯ ಕೆಳಗೆ ಕೆಂಪು ಶಾಯಿಯಲ್ಲಿ "ಸತ್ಯ ಘಟನೆ" ಎಂದು ಬರೆದಿತ್ತು. ಸಭೆಯಲ್ಲಿ ಎರಡು ಗುಂಪಾಯಿತು. "ಹಾಕೋಣ, ಎಲ್ಲರೂ ಮೊದಲು ಓದುವುದು ಅದನ್ನೇ" ಎಂದರು ಕೆಲವರು. "ಮೂಢನಂಬಿಕೆ, ಕಸದ ಬುಟ್ಟಿಗೆ ಹಾಕಿ" ಎಂದರು ಇನ್ನು ಕೆಲವರು. ನನಗೆ ಎರಡೂ ಸರಿ ಕಾಣಲಿಲ್ಲ. ಯಾಕೆಂದು ಬರೆದು ಕೊಡು ಎಂದು ಮಾರ್ಗದರ್ಶಕ ಉಪನ್ಯಾಸಕರು ಹೇಳಿದ್ದರಿಂದ ಈ ಲೇಖನ ಬರೆಯುತ್ತಿದ್ದೇನೆ.

ಮೊದಲು, ಇಂಥ ಬರಹಗಳನ್ನೇ ಜೀವಮಾನವಿಡೀ ಪ್ರಕಟಿಸಿದ ಒಬ್ಬ ಹವ್ಯಾಸಿಯ ವಿಷಯ ಹೇಳುತ್ತೇನೆ. ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಗ್ರೇ ಬಾರ್ಕರ್ ವಿಜ್ಞಾನಿಯಲ್ಲ, ಪೈಲಟ್ ಅಲ್ಲ. ಚಿತ್ರಮಂದಿರಗಳಿಗೆ ಸಿನಿಮಾ ಗೊತ್ತುಮಾಡಿಕೊಡುವುದು ಅವನ ಕಸುಬು. 1952ರ ಸೆಪ್ಟೆಂಬರಿನಲ್ಲಿ ಅವನ ಊರಿನ ಕಡೆಯ ಫ್ಲ್ಯಾಟ್‌ವುಡ್ಸ್ ಎಂಬಲ್ಲಿ ಕೆಲವು ಮಕ್ಕಳು ಮತ್ತು ಒಬ್ಬ ತಾಯಿ ಗುಡ್ಡದ ಮೇಲೆ ಹೊಳೆಯುವ ಕಣ್ಣುಗಳ ಒಂದು ಪ್ರಾಣಿಯನ್ನು ಕಂಡು ಹೆದರಿ ಓಡಿದರು. ಆ ಸಂಜೆ ಆಕಾಶದಲ್ಲಿ ಹಾದುಹೋದದ್ದು ಉಲ್ಕೆ, ಮರದ ಮೇಲೆ ಕುಳಿತಿದ್ದದ್ದು ಗೂಬೆ ಇರಬೇಕೆಂದು ನಂತರ ಪರಿಶೀಲಿಸಿದವರು ಹೇಳಿದ್ದಾರೆ. ಬಾರ್ಕರ್ ಅಲ್ಲಿಗೆ ಹೋಗಿ ಜನರನ್ನು ಮಾತಾಡಿಸಿ ಒಂದು ಪತ್ರಿಕೆಗೆ ಲೇಖನ ಬರೆದ. ಮರುವರ್ಷ 'ದಿ ಸಾಸರಿಯನ್' ಎಂಬ ಸ್ವಂತ ಪತ್ರಿಕೆಯನ್ನೇ ಆರಂಭಿಸಿದ.

ಆಗಿನ ಅಮೆರಿಕದಲ್ಲಿ ಇಂಥ ಹವ್ಯಾಸಿ ಪತ್ರಿಕೆಗಳು ಇನ್ನೂ ಇದ್ದವು. 1947ರ ಜೂನ್ 24ರಂದು ಕೆನೆತ್ ಆರ್ನಲ್ಡ್ ಎಂಬ ಪೈಲಟ್ ರೇನಿಯರ್ ಪರ್ವತದ ಬಳಿ ಒಂಬತ್ತು ಹೊಳೆಯುವ ವಸ್ತುಗಳನ್ನು ಕಂಡದ್ದಾಗಿ ಹೇಳಿದ್ದ. ನೀರಿನ ಮೇಲೆ ತಟ್ಟೆ ಎಸೆದರೆ ಹೇಗೆ ಪುಟಿಯುತ್ತದೋ ಹಾಗೆ ಅವು ಚಲಿಸಿದವು ಎಂದು ಅವನು ವಿವರಿಸಿದ. ಪತ್ರಿಕೆಗಳು ಅದನ್ನೇ "ಹಾರುವ ತಟ್ಟೆ" ಮಾಡಿದವು. ಕನೆಕ್ಟಿಕಟ್ ರಾಜ್ಯದ ಆಲ್ಬರ್ಟ್ ಬೆಂಡರ್ ಎಂಬವನು 1952ರಲ್ಲಿ ಹಾರುವ ತಟ್ಟೆಗಳ ಅಧ್ಯಯನಕ್ಕೆಂದು ಒಂದು ಸಂಘ ಕಟ್ಟಿ ಮರುವರ್ಷವೇ ಅದನ್ನು ಮುಚ್ಚಿದ. ಕಪ್ಪು ಬಟ್ಟೆಯ ಮೂವರು ಬಂದು ನನ್ನ ಬಾಯಿ ಮುಚ್ಚಿಸಿದರು ಎಂಬುದು ಅವನು ಕೊಟ್ಟ ಕಾರಣ. ಬಾರ್ಕರ್ ಆ ಒಂದು ಮಾತನ್ನು ಹಿಗ್ಗಿಸಿ 1956ರಲ್ಲಿ ಪುಸ್ತಕ ಬರೆದ. ನಾವು ನೋಡಿರುವ 'ಮೆನ್ ಇನ್ ಬ್ಲ್ಯಾಕ್' ಸಿನಿಮಾದ ಕಪ್ಪು ಸೂಟಿನವರ ಮೂಲ ಅಲ್ಲಿದೆ.

ಇಲ್ಲಿಯವರೆಗೆ ಬಾರ್ಕರ್‌ನ ಮೇಲೆ ನನಗೆ ಕೋಪವಿಲ್ಲ. ಕುತೂಹಲ ತಪ್ಪಲ್ಲ. ತಪ್ಪು ಆರಂಭವಾಗುವುದು ಮುಂದೆ. 1957ರಲ್ಲಿ ಅವನು ಮತ್ತು ಅವನ ಗೆಳೆಯ ಜೇಮ್ಸ್ ಮೋಸ್ಲಿ ಅಮೆರಿಕ ಸರಕಾರದ ವಿದೇಶಾಂಗ ಇಲಾಖೆಯ ಕಾಗದದ ಮೇಲೆ ಒಂದು ಸುಳ್ಳು ಪತ್ರ ಟೈಪ್ ಮಾಡಿದರು. ಶುಕ್ರಗ್ರಹದವರನ್ನು ಭೇಟಿಯಾಗಿದ್ದೇನೆ ಎಂದು ಹೇಳಿಕೊಳ್ಳುತ್ತಿದ್ದ ಜಾರ್ಜ್ ಆಡಮ್ಸ್ಕಿ ಎಂಬವನಿಗೆ ಅದನ್ನು ಕಳುಹಿಸಿದರು. ಇಲ್ಲದ ಸಮಿತಿಯ ಹೆಸರಿನಲ್ಲಿ, ಇಲ್ಲದ ಅಧಿಕಾರಿಯ ಸಹಿಯಿತ್ತು. ಸರಕಾರವೇ ನನ್ನ ಬೆಂಬಲಕ್ಕಿದೆ ಎಂದು ಆಡಮ್ಸ್ಕಿ ಅದನ್ನು ಎಲ್ಲರಿಗೂ ತೋರಿಸಿದ. ಬಾರ್ಕರ್ 1984ರಲ್ಲಿ ತೀರಿಕೊಂಡ ಮೇಲಷ್ಟೇ ಮೋಸ್ಲಿ ಸತ್ಯ ಒಪ್ಪಿಕೊಂಡ. ಬಾರ್ಕರ್ ತಾನು ಅಚ್ಚು ಹಾಕಿದ್ದರಲ್ಲಿ ಹೆಚ್ಚಿನದನ್ನು ತಾನೇ ನಂಬುತ್ತಿರಲಿಲ್ಲ ಎಂದು ಅವನ ಆಪ್ತರು ಹೇಳಿದ್ದಾರೆ.

ನಮ್ಮ ವಯಸ್ಸಿನವರಿಗೆ ಹೆಚ್ಚು ತಾಗುವ ವಿಷಯ ಇನ್ನೊಂದಿದೆ. ಜಾನ್ ಶೆರ್‌ವುಡ್ ಎಂಬ ಹುಡುಗ ಹದಿಹರೆಯದಲ್ಲೇ ಹಾರುವ ತಟ್ಟೆಗಳ ಬಗ್ಗೆ ಬರೆಯುತ್ತಿದ್ದ. ಬಾರ್ಕರ್ ಅವನ ಪುಸ್ತಕ ಪ್ರಕಟಿಸಿದ. ಬಳಿಕ ಅವನು ಬರೆದ ಒಂದು ಕಲ್ಪಿತ ಕತೆಯನ್ನು, ಒಬ್ಬ ಸುಳ್ಳು "ಡಾಕ್ಟರ್" ಹೆಸರಿನಲ್ಲಿ, ನಡೆದ ಸಂಗತಿಯೆಂಬಂತೆ ತನ್ನ ಪತ್ರಿಕೆಯಲ್ಲಿ ಹಾಕಿದ. ಶೆರ್‌ವುಡ್ ಸುಮಾರು ಮೂವತ್ತು ವರ್ಷ ಸುಮ್ಮನಿದ್ದು 1998ರಲ್ಲಿ ಅದನ್ನು ಬರೆದು ಒಪ್ಪಿಕೊಂಡ. ಒಂದು ತಮಾಷೆಯ ಭಾರ ಮೂವತ್ತು ವರ್ಷ!

ನಾನು ಅಷ್ಟು ಕಾಯುವುದಿಲ್ಲ. ಕಳೆದ ವರ್ಷ ನಮ್ಮ ಭಿತ್ತಿಪತ್ರಿಕೆಯಲ್ಲಿ ಹೆಸರಿಲ್ಲದೆ ಬಂದ "ಮೂರನೇ ಮಹಡಿಯ ಹೆಜ್ಜೆ ಸದ್ದು" ಬರೆದವನು ನಾನು. ಹಾಸ್ಟೆಲಿನ ಮೂರನೇ ಮಹಡಿಯಲ್ಲಿ ರಾತ್ರಿ ಹನ್ನೊಂದರ ಸುಮಾರಿಗೆ ಯಾರೋ ನಡೆದಂತೆ ಸದ್ದಾಗುವುದನ್ನು ನಾನೇ ಕೇಳಿದ್ದೆ. ಅಷ್ಟು ನಿಜ. ಹಿಂದೊಮ್ಮೆ ಅಲ್ಲಿ ಒಬ್ಬ ಹುಡುಗ ಸತ್ತಿದ್ದ ಎಂದು ಸೇರಿಸಿದ್ದು ನನ್ನ ಕೈಚಳಕ. ಎರಡು ದಿನ ಎಲ್ಲರೂ ಅದರ ಮುಂದೆ ಗುಂಪುಗೂಡಿ ಓದಿದರು. ನನಗೆ ಬಹಳ ಖುಷಿಯಾಯಿತು.

ಆ ಮಹಡಿಯಲ್ಲಿ ನಮ್ಮದೇ ತರಗತಿಯ ಒಬ್ಬ ಗೆಳೆಯನ ಕೋಣೆಯಿತ್ತು. ಅವನು ಸುಬಹ್ ನಮಾಝಿಗೆ ಒಬ್ಬನೇ ವುಝೂ ಮಾಡಲು ಹೋಗುವುದನ್ನು ಬಿಟ್ಟ. ಹಾಸಿಗೆ ಹೊತ್ತು ಕೆಳಗಿನ ಕೋಣೆಗೆ ಬಂದ. ಒಂದು ಶುಕ್ರವಾರ ಊರಿಗೆ ಹೋದವನು ಒಂಬತ್ತು ದಿನ ಬರಲೇ ಇಲ್ಲ. ಕೊನೆಗೆ ವಾಚ್‌ಮನ್ ಕಾಕ ನನ್ನನ್ನೂ ಇನ್ನಿಬ್ಬರನ್ನೂ ಟೆರೇಸಿಗೆ ಕರೆದುಕೊಂಡು ಹೋಗಿ ಟ್ಯಾಂಕಿನ ಪೈಪು ತೋರಿಸಿದರು. ಅದರ ಕ್ಲ್ಯಾಂಪ್ ಕಳಚಿತ್ತು. ಹನ್ನೊಂದು ಗಂಟೆಗೆ ಅವರು ಮೋಟರ್ ಆಫ್ ಮಾಡಿದಾಗ ಪೈಪು ಗೋಡೆಗೆ ನಾಲ್ಕೈದು ಸಲ ಬಡಿಯುತ್ತಿತ್ತು. "ಓದುವ ಮಕ್ಕಳು, ಒಂದು ಮಾತು ನನ್ನ ಹತ್ತಿರ ಕೇಳಬಾರದಿತ್ತಾ?" ಎಂದಷ್ಟೇ ಹೇಳಿದರು.

ಈ ಲೇಖನ ಬರೆಯುವ ಮೊದಲು ಆ ಗೆಳೆಯನಿಗೆ ವಿಷಯ ಹೇಳಿ ಕ್ಷಮೆ ಕೇಳಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಹಾಗಾಗಿಯಾ ನೀನು ಆಗ ಕೇಳದೆಯೇ ಫಿಸಿಕ್ಸ್ ನೋಟ್ಸ್ ಎಲ್ಲ ಬರೆದು ಕೊಟ್ಟದ್ದು?" ಎಂದ. ಹೌದು ಎಂದೆ.

ಈಗ ಕೆಲವರು ಕೇಳಬಹುದು, "ಜಿನ್ನ್‌ಗಳ ಬಗ್ಗೆ ಕುರ್‌ಆನ್‌ನಲ್ಲೇ ಇದೆಯಲ್ಲ, ನಂಬುವುದಿಲ್ಲವಾ?" ನಂಬುತ್ತೇನೆ. ಕಣ್ಣಿಗೆ ಕಾಣದ್ದರ ಮೇಲೆ, ಅಂದರೆ ಗೈಬ್ ಮೇಲೆ, ವಿಶ್ವಾಸವಿಡುವುದು ನಮ್ಮ ಈಮಾನಿನ ಭಾಗ. ಆದರೆ ಗೈಬ್‌ನ ಜ್ಞಾನ ಅಲ್ಲಾಹನದ್ದು ಎಂಬುದೂ ಅದೇ ಈಮಾನಿನ ಭಾಗ. ಜಿನ್ನ್ ಎಂಬ ಸೃಷ್ಟಿ ಇದೆ ಎನ್ನುವುದು ವಿಶ್ವಾಸ. ನಮ್ಮ ಬಾವಿಯಲ್ಲಿ ಒಂದು ಜಿನ್ನ್ ಇದೆ, ಅದು ಇಂಥವರನ್ನು ಹಿಡಿದಿದೆ ಎನ್ನುವುದು ಸುದ್ದಿ. ಸುದ್ದಿಗೆ ಸಾಕ್ಷಿ ಬೇಕು. ನಂಬಲರ್ಹನಲ್ಲದವನು ಸುದ್ದಿ ತಂದರೆ ವಿಚಾರಿಸಿ ನೋಡಿ, ಇಲ್ಲವಾದರೆ ತಿಳಿಯದೆ ಜನರಿಗೆ ಹಾನಿ ಮಾಡಿ ಪಶ್ಚಾತ್ತಾಪ ಪಡಬೇಕಾದೀತು ಎಂಬ ಎಚ್ಚರಿಕೆ ಸೂರಃ ಹುಜುರಾತ್‌ನ 6ನೇ ಆಯತಿನಲ್ಲಿದೆ. ನಾನು ಮಾಡಿದ್ದು ಸರಿಯಾಗಿ ಅದನ್ನೇ.

ಪ್ರವಾದಿ (ಸ) ಅವರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಆ ಮರಣಕ್ಕೆ ಸೂರ್ಯನೂ ಮಂಕಾದ ಎಂದು ಜನ ಮಾತಾಡಿಕೊಂಡರು. ಬೇರೆ ಯಾವ ನಾಯಕನಾದರೂ ಆ ಮಾತು ಹಬ್ಬಲಿ ಎಂದು ಬಿಟ್ಟುಬಿಡುತ್ತಿದ್ದನೇನೋ. ಮಗನನ್ನು ಕಳೆದುಕೊಂಡ ಆ ದುಃಖದಲ್ಲೂ ಪ್ರವಾದಿಯವರು ಜನರನ್ನು ತಿದ್ದಿದರು. ಸೂರ್ಯ ಚಂದ್ರರು ಅಲ್ಲಾಹನ ದೃಷ್ಟಾಂತಗಳು, ಯಾರ ಸಾವಿಗಾಗಲಿ ಹುಟ್ಟಿಗಾಗಲಿ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲ ಎಂದು ತಿಳಿಸಿದರು. ತನಗೆ ಗೌರವ ತರುವ ತಪ್ಪು ಸುದ್ದಿಯನ್ನೂ ಬಿಡಬಾರದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ನನಗೆ ಗೊತ್ತಿಲ್ಲ.

"ಇಷ್ಟಕ್ಕೆಲ್ಲ ಯಾರಿಗೇನು ನಷ್ಟ, ಮನರಂಜನೆ ತಾನೇ?" ಎನ್ನುವವರಿಗೆ ಬಾರ್ಕರ್‌ನ ಊರಿನ ಕಡೆಯ ಇನ್ನೊಂದು ಘಟನೆ ಹೇಳಬೇಕು. 1966ರ ನವೆಂಬರ್‌ನಿಂದ ವೆಸ್ಟ್ ವರ್ಜೀನಿಯಾದ ಪಾಯಿಂಟ್ ಪ್ಲೆಸೆಂಟ್ ಎಂಬ ಪಟ್ಟಣದಲ್ಲಿ ಕೆಂಪು ಕಣ್ಣಿನ, ರೆಕ್ಕೆಗಳಿರುವ ಮನುಷ್ಯನನ್ನು ಕಂಡೆವು ಎಂಬ ಸುದ್ದಿ ಹಬ್ಬಿತು. ಅದಕ್ಕೆ "ಮಾತ್‌ಮ್ಯಾನ್" ಎಂದು ಹೆಸರಾಯಿತು. 1967ರ ಡಿಸೆಂಬರ್ 15ರ ಸಂಜೆ ಆ ಪಟ್ಟಣದಲ್ಲಿ ಓಹಿಯೋ ನದಿಯ ಮೇಲಿನ ಸಿಲ್ವರ್ ಬ್ರಿಜ್, ವಾಹನಗಳಿಂದ ತುಂಬಿದ್ದಾಗಲೇ ಕುಸಿಯಿತು. 46 ಮಂದಿ ಸತ್ತರು. ಬಾರ್ಕರ್ 1970ರಲ್ಲಿ ಆ ಸೇತುವೆಯ ಹೆಸರನ್ನೇ ಇಟ್ಟು, ರೆಕ್ಕೆಯ ಮನುಷ್ಯನನ್ನೂ ಸೇತುವೆಯ ಕುಸಿತವನ್ನೂ ಜೋಡಿಸಿ ಪುಸ್ತಕ ತಂದ.

ಎಂಜಿನಿಯರುಗಳು ನದಿಯಿಂದ ಕಬ್ಬಿಣದ ತುಂಡುಗಳನ್ನು ಎತ್ತಿ ಜೋಡಿಸಿ ನೋಡಿದರು. 1928ರ ಆ ಸೇತುವೆಯನ್ನು ಹಿಡಿದಿದ್ದದ್ದು ಉಕ್ಕಿನ ಪಟ್ಟಿಗಳ ಸರಪಳಿ. ಅಂಥ ಒಂದು ಪಟ್ಟಿಯ ತೂತಿನ ಅಂಚಿನಲ್ಲಿ ಸುಮಾರು 2.5 ಮಿಲಿಮೀಟರ್ ಆಳದ ಬಿರುಕು ಇತ್ತು. ಒಂದು ಪಟ್ಟಿ ತುಂಡಾದದ್ದರಿಂದ ಇಡೀ ಸೇತುವೆ ಬಿತ್ತು. ಇದು ತಿಳಿದ ಮೇಲೆ ಅಮೆರಿಕದಾದ್ಯಂತ ಸೇತುವೆಗಳನ್ನು ನಿಯಮಿತವಾಗಿ ಪರೀಕ್ಷಿಸುವ ಕಾನೂನು ಬಂತು. ಬಿರುಕನ್ನು ಹುಡುಕಿದವರಿಂದ ಮುಂದೆ ಸೇತುವೆ ದಾಟುವವರಿಗೆ ರಕ್ಷಣೆ ಸಿಕ್ಕಿತು. ರೆಕ್ಕೆಯನ್ನು ಹುಡುಕಿದವರಿಂದ ಒಂದು ಪುಸ್ತಕ ಸಿಕ್ಕಿತು.

ಹಾಗೆಂದು ಹವ್ಯಾಸಿಗಳೆಲ್ಲ ಬಾರ್ಕರ್‌ನಂಥವರಲ್ಲ. 2019ರ ಮೇ ತಿಂಗಳಲ್ಲಿ ಸ್ಪೇಸ್‌ಎಕ್ಸ್ ಸಂಸ್ಥೆ 60 ಸ್ಟಾರ್‌ಲಿಂಕ್ ಉಪಗ್ರಹಗಳನ್ನು ಒಟ್ಟಿಗೆ ಹಾರಿಸಿತು. ಆಕಾಶದಲ್ಲಿ ರೈಲಿನಂತೆ ಸಾಲಾಗಿ ಸಾಗುವ ದೀಪಗಳನ್ನು ಕಂಡು ಹಾರುವ ತಟ್ಟೆ ಎಂದುಕೊಂಡವರು ಹಲವರು. ನೆದರ್‌ಲ್ಯಾಂಡ್ಸಿನ ಮಾರ್ಕೊ ಲ್ಯಾಂಗ್‌ಬ್ರೂಕ್ ಎಂಬ ಹವ್ಯಾಸಿ, ಅವು ಯಾವ ದಾರಿಯಲ್ಲಿ ಬರಬಹುದೆಂದು ಮೊದಲೇ ಲೆಕ್ಕಹಾಕಿ, ಕ್ಯಾಮರಾ ಹಿಡಿದು ಕಾದು, ಚಿತ್ರೀಕರಿಸಿ, ಅದು ಏನೆಂದು ಎಲ್ಲರಿಗೂ ತಿಳಿಸಿದರು. ಅವರ ವಿಡಿಯೋ ನೋಡಿದರೆ ಯಾವ ದೆವ್ವದ ಕತೆಗೂ ಕಡಿಮೆಯಿಲ್ಲದ ಬೆರಗು ಹುಟ್ಟುತ್ತದೆ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ವಿಚಿತ್ರವಾದದ್ದನ್ನು ಕಂಡವರು ಬರೆಯಲಿ, ನಾವು ನಗುವುದು ಬೇಡ. ಆದರೆ ಅಚ್ಚಿಗೆ ಹೋಗುವ ಮೊದಲು ಮೂರು ಪ್ರಶ್ನೆಗಳಿಗೆ ಉತ್ತರ ಕೊಡಲಿ. ಇದನ್ನು ಕಂಡದ್ದು ನೀವೇನಾ, ಕೇಳಿದ್ದಾ? ಬೇರೆ ಕಾರಣ ಇರಬಹುದೇ ಎಂದು ಯಾರನ್ನು ವಿಚಾರಿಸಿದಿರಿ? ಇದನ್ನು ಓದಿ ಯಾರಿಗಾದರೂ ತೊಂದರೆಯಾಗಬಹುದೇ? ಕಲ್ಪನೆಯಾಗಿದ್ದರೆ ಮೇಲೆ "ಕತೆ" ಎಂದು ಹಾಕೋಣ. ಒಳ್ಳೆಯ ಕತೆಗೆ "ಸತ್ಯ ಘಟನೆ" ಎಂಬ ಊರುಗೋಲು ಬೇಕಾಗಿಲ್ಲ. ಬರೆದವರ ಹೆಸರೂ ಇರಲಿ.

ಬಾವಿಯ ಬರಹ ಕೊಟ್ಟ ತಮ್ಮನನ್ನು ಈ ಪ್ರಶ್ನೆಗಳೊಂದಿಗೆ ಮಾತಾಡಿಸಿದೆವು. ಅವನು ಕೇಳಿದ್ದು ಒಬ್ಬ ಸೀನಿಯರ್‌ನಿಂದ, ಆ ಸೀನಿಯರ್ ಕೇಳಿದ್ದು ಇನ್ನೊಬ್ಬನಿಂದ. ಅಲ್ಲಿಂದಾಚೆ ದಾರಿ ಸಿಗಲಿಲ್ಲ. ಬಾವಿ ನೋಡಲು ಅವನೊಂದಿಗೆ ನಾವೂ ಹೋದೆವು. ಬಾವಿಗೆ ಹಾಕಿದ ಕಬ್ಬಿಣದ ಬಲೆ ಒಂದು ಬದಿಯಲ್ಲಿ ತುಕ್ಕು ಹಿಡಿದು ಕಿತ್ತುಹೋಗಿದೆ. ಆಟವಾಡುವಾಗ ಚೆಂಡು ಅತ್ತ ಹೋದರೆ ಯಾರಾದರೂ ಬೀಳಬಹುದು. ಈ ವಿಷಯವನ್ನು ಅವನ ಕೈಯಲ್ಲೇ ಬರೆಸಿ ಪ್ರಾಂಶುಪಾಲರಿಗೆ ಕೊಟ್ಟಿದ್ದೇವೆ. ಅವನ ಕತೆ ಮುಂದಿನ ಸಂಚಿಕೆಯಲ್ಲಿ "ಕತೆ" ಎಂದೇ, ಅವನ ಹೆಸರಿನಲ್ಲಿ ಬರುತ್ತದೆ. ಚೆನ್ನಾಗಿದೆ, ಓದಿ. ಬಲೆ ಸರಿಯಾಗುವವರೆಗೆ ಬಾವಿಯ ಹತ್ತಿರ ಮಾತ್ರ ಯಾರೂ ಹೋಗಬೇಡಿ.