ಗೊರವಯ್ಯನಿಗೆ ಮಾತ್ರೆ ಬೇಡ, ಸರಪಳಿಗೆ ದೇವರ ಹೆಸರೂ ಬೇಡ

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದರೆ ಡೆಂಕನಮರಡಿಯ ಜನಸಾಗರ ಗಪ್‌ಚಿಪ್. ಕಾರ್ಣಿಕವೆಂದು ಅವನು ನುಡಿದ ಒಂದು ಸಾಲಿಗೆ ಮಳೆ, ಬೆಳೆ, ರಾಜಕಾರಣದ ಅರ್ಥ ಹಚ್ಚುವವರು ಊರೂರಿಗೂ ಇದ್ದಾರೆ. ಅದೇ ಸೀಮೆಯ ಹುಡುಗನೊಬ್ಬ ತನಗಷ್ಟೇ ಕೇಳುವ ದನಿಗೆ ಹಗಲೂ ರಾತ್ರಿ ಉತ್ತರ ಕೊಡುತ್ತ ಕೂತರೆ ‘ಗಾಳಿ ಸೋಕೈತಿ’ ಎಂಬ ತೀರ್ಮಾನವಾಗಿ ಬೇವಿನ ಸೊಪ್ಪು, ಬರಲು, ಹಗ್ಗ ಹೊರಬರುತ್ತವೆ. ಯಾವುದು ದೇವರು, ಯಾವುದು ಕಾಯಿಲೆ? ಅದನ್ನು ಹೇಳಬೇಕಾದವರು ಯಾರು?

ವಾಮಾಚಾರ ತಡೆಯುವ 2017ರ ರಾಜ್ಯ ಕಾಯ್ದೆ ಬರುವ ಮುನ್ನ ವರ್ಷಗಟ್ಟಲೆ ನಡೆದ ಜಗಳದಲ್ಲಿ ಎರಡು ಬಣಗಳ ಗದ್ದಲವೇ ಜೋರು. ಮೈಮೇಲೆ ಬರುವುದೆಲ್ಲ ಹುಚ್ಚು ಎಂದಿತು ಒಂದು. ನಮ್ಮ ಆಚಾರಕ್ಕೆ ಕೈ ಹಾಕಬೇಡಿ ಎಂದಿತು ಇನ್ನೊಂದು. ಇಬ್ಬರೂ ನಂಬಿಕೆಯನ್ನು ತೂಗಿದರು. ನರಳುವವರನ್ನು ಯಾರೂ ಮಾತಾಡಿಸಲಿಲ್ಲ.

ಮೊದಲ ಬಣಕ್ಕೆ ಅದೇ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಉತ್ತರ ಕೊಟ್ಟಿದೆ. ಸಮುದಾಯದ ನೀತಿಗೋ ಧಾರ್ಮಿಕ ನಂಬಿಕೆಗೋ ಹೊಂದಿಕೊಳ್ಳಲಿಲ್ಲವೆಂದು ಯಾರನ್ನೂ ಮನೋರೋಗಿ ಎನ್ನುವಂತಿಲ್ಲ ಎನ್ನುತ್ತದೆ ಅದು. ಈ ಎಚ್ಚರಕ್ಕೆ ಕಾರಣವಿದೆ. ಸಲಿಂಗ ಪ್ರೇಮವನ್ನು ಅಮೆರಿಕದ ಮನೋವೈದ್ಯರು ತಮ್ಮ ರೋಗಪಟ್ಟಿಯಿಂದ ಕೈಬಿಟ್ಟಿದ್ದು 1973ರಲ್ಲಿ. ಮನೋರೋಗವೆಂಬುದೇ ಮಿಥ್ಯೆ, ಬದುಕಿನ ತೊಡಕುಗಳಿಗೆ ವೈದ್ಯರು ರೋಗದ ಹೆಸರಿಟ್ಟಿದ್ದಾರೆ ಎಂದು ಥಾಮಸ್ ಸಾಜ್ 1961ರಲ್ಲೇ ವಾದಿಸಿದ್ದರು. ಬರ, ಸಾಲ, ಗುಳೆ ಕಂಡ ಕೂಡ್ಲಿಗಿ, ಹರಪನಹಳ್ಳಿಯ ರೈತನ ಸಂಕಟಕ್ಕೆಲ್ಲ ಬರೀ ಮಾತ್ರೆ ಬರೆದುಕೊಟ್ಟರೆ ಸಾಜ್ ಹೇಳಿದ್ದು ಅರ್ಧ ನಿಜವೇ ಆಗುತ್ತದೆ.

ಉಳಿದರ್ಧ ಸುಳ್ಳು. ಗೊರವಯ್ಯನ ಕಾರ್ಣಿಕಕ್ಕೆ ಕಾಲವಿದೆ, ಕಟ್ಟಳೆಯಿದೆ. ಅವನನ್ನು ಎತ್ತಿಕೊಳ್ಳಲು ಕೆಳಗೆ ಜನರಿದ್ದಾರೆ. ಬಿಲ್ಲಿನಿಂದಿಳಿದ ಮೇಲೆ ಅವನಿಗೆ ಅವನ ಬದುಕು ಕಾದಿರುತ್ತದೆ. ದನಿ ಕೇಳುವ ಹುಡುಗನಿಗೆ ಇಳಿಯುವ ದಾರಿಯೇ ಇಲ್ಲ. ಉಣ್ಣಲು, ಮಲಗಲು, ದುಡಿಯಲು ಅವನಿಂದಾಗದು. ಕಾನೂನೂ ಇಲ್ಲೇ ಗೆರೆ ಎಳೆಯುತ್ತದೆ: ದಿನನಿತ್ಯದ ಬದುಕನ್ನೇ ಕೆಡಿಸುವಷ್ಟು ಆಲೋಚನೆ, ಭಾವ, ಗ್ರಹಿಕೆ ಕದಡಿದೆಯೇ? ಈ ಪ್ರಶ್ನೆಗೆ ದೇವರ ಸಾಕ್ಷಿ ಬೇಕಿಲ್ಲ.

ಎರಡನೆಯ ಬಣ ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಕಡೆ ನೋಡಲಿ. ಹೆಣ್ಣುಮಗುವಿನ ತಲೆಗೂದಲು ಗಂಟುಗಟ್ಟಿದರೆ ಅದು ಅಮ್ಮ ಕೊಟ್ಟ ಜಡೆ, ಮಗಳನ್ನು ದೇವರಿಗೆ ಬಿಡಬೇಕು ಎಂಬ ಮಾತನ್ನು 1982ರ ದೇವದಾಸಿ ನಿಷೇಧ ಕಾಯ್ದೆಯ ನಂತರವೂ ಈ ಸೀಮೆ ಕೇಳಿದೆ. ಸಂಕೇತವೆಂದವರು ದೊಡ್ಡವರು, ಬದುಕು ತೆತ್ತವಳು ಹುಡುಗಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾ ಬಳಿಯ ಆಶ್ರಯಮನೆಗೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ ಮನೋರೋಗಿಗಳು ಓಡಲಾಗದೆ ಸುಟ್ಟುಹೋದರು, ಸತ್ತವರು 28. ಹೆಸರಿಡುವವರೊಬ್ಬರು, ಬೇನೆ ತಿನ್ನುವವರೊಬ್ಬರು ಆದಾಗ ನಂಬಿಕೆಯ ಸ್ವಾತಂತ್ರ್ಯ ಎಂಬ ಮಾತಿಗೆ ಬೆಲೆಯಿಲ್ಲ.

ನಾಚಿಕೆಗೇಡೆಂದರೆ, ದಾರಿ ತೋರಿಸಿದ್ದು ಇದೇ ನೆಲ. ಮೈಲಾರ, ಉಚ್ಚಂಗಿದುರ್ಗದ ಈ ಸೀಮೆಯೆಲ್ಲ ಬಳ್ಳಾರಿ ಜಿಲ್ಲೆಯಲ್ಲಿದ್ದ 1980ರ ದಶಕದಲ್ಲಿ ನಿಮ್ಹಾನ್ಸ್ ಇಲ್ಲಿ ಹೊಸ ಪ್ರಯೋಗಕ್ಕಿಳಿಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ, ಅಲ್ಲೇ ಔಷಧಿ, ಮನೆ ಬಾಗಿಲಿಗೆ ಹೋಗಿ ರೋಗಿಯನ್ನು ಗುರುತಿಸುವ ಆರೋಗ್ಯ ಕಾರ್ಯಕರ್ತರು. ‘ಬಳ್ಳಾರಿ ಮಾದರಿ’ ಎನಿಸಿದ ಆ ಪ್ರಯೋಗವೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅಡಿಪಾಯವಾಯಿತು. ಇಷ್ಟಾಗಿಯೂ 2015–16ರ ರಾಷ್ಟ್ರೀಯ ಸಮೀಕ್ಷೆ ಕಂಡದ್ದು, ದೇಶದಲ್ಲಿ ಬಹುಪಾಲು ಮನೋರೋಗಿಗಳಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ ಎಂಬುದನ್ನು.

ಹಾಗಾಗಿ ಜಿಲ್ಲಾಡಳಿತ ಮೈಲಾರದ ಬಿಲ್ಲಿಗೆ ವೈದ್ಯರನ್ನು ಕಳಿಸಬೇಕಿಲ್ಲ. ಕೊಟ್ಟೂರು ತೇರಿಗೂ ಉಚ್ಚಂಗಿದುರ್ಗದ ಹುಣ್ಣಿಮೆಗೂ ಬರುವವರಿಗೆ ಮನೋವೈದ್ಯರ ಶಿಬಿರ ಸಿಗಲಿ. ಹಗರಿಬೊಮ್ಮನಹಳ್ಳಿಯ ಆಸ್ಪತ್ರೆಯಲ್ಲಿ ಔಷಧಿ ಒಂದು ತಿಂಗಳೂ ತಪ್ಪದಿರಲಿ. ಮನೋರೋಗಿಯನ್ನು ಕಟ್ಟಿಹಾಕಿ ಹಿಂಸಿಸುವುದು ಕಂಡರೆ ಮ್ಯಾಜಿಸ್ಟ್ರೇಟರಿಗೆ ವರದಿ ಮಾಡುವುದು ಠಾಣಾಧಿಕಾರಿಯ ಕರ್ತವ್ಯ. ಅದನ್ನು ಅವರು ಮಾಡಲಿ. ಪೂಜಾರಿ ತಾಯಿತ ಕಟ್ಟಿದರೆ ಕಟ್ಟಲಿ, ಆಸ್ಪತ್ರೆಯ ದಾರಿಗೆ ಅಡ್ಡ ನಿಲ್ಲದಿರಲಿ. ದೇವರೋ ಬೇನೆಯೋ ಎಂಬ ತರ್ಕ ಇನ್ನೂ ನೂರು ವರ್ಷ ನಡೆಯಲಿ. ಹುಡುಗನ ಚಿಕಿತ್ಸೆ ಅಲ್ಲಿಯವರೆಗೆ ಕಾಯಲಾಗದು.